ಹಳೇ ಸೆಡಾನ್‌ನ ಬಾಡಿ ಬಿಚ್ಚಿ ರೇಸಿಗೆ ಇಳಿಸಿದ್ದು

ರೇಸಿಗೆ ಅಂತ ಹಳೇ ಕಾರು ಹುಡುಕುವವರು ಸಾಮಾನ್ಯವಾಗಿ ಬಾನೆಟ್ ಎತ್ತಿ ಇಂಜಿನ್ ನೋಡುತ್ತಾರೆ. ನಾವು ಕಾರಿನ ಕೆಳಗೆ ನುಸುಳಿದೆವು. ಇಂಜಿನ್ ಕೈಕೊಟ್ಟರೆ ಇನ್ನೊಂದು ಹಳೇ ಇಂಜಿನ್ ತಂದು ಕೂರಿಸಬಹುದು. ಬಾಡಿಗೇ ತುಕ್ಕು ಹಿಡಿದಿದ್ದರೆ ಆಮೇಲೆ ಸುರಿಯುವ ದುಡ್ಡೆಲ್ಲ ದಂಡ.

ಕೈಯಲ್ಲಿ ಇದ್ದದ್ದು ಸ್ಕ್ರೂಡ್ರೈವರ್, ಟಾರ್ಚ್, ಒಂದು ಚಿಕ್ಕ ಮ್ಯಾಗ್ನೆಟ್. ಸ್ಕ್ರೂಡ್ರೈವರ್ ಹಿಡಿಯಿಂದ ತಗಡನ್ನು ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಡಬ್ ಅನ್ನುತ್ತದೆ. ಮ್ಯಾಗ್ನೆಟ್ ಹಿಡಿಯದ ಕಡೆ ಯಾರೋ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಜಾಕಿ ಕೊಡುವ ಜಾಗ, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್, ಮುಂದಿನ ಸಸ್ಪೆನ್ಷನ್ ಬಂದು ಕೂರುವ ಟವರ್, ಹಿಂದಿನ ಚಕ್ರದ ಕಮಾನು, ಮುಂದಿನ ಗಾಜಿನ ಬುಡದ ಮೂಲೆಗಳು. ಹಳೇ ಕಾರಿನಲ್ಲಿ ನೀರು ನಿಲ್ಲುವುದು, ಕೆಸರು ಕೂರುವುದು ಇಲ್ಲೇ. ಬಾಗಿಲು, ಬಾನೆಟ್, ಮುಂದಿನ ಚಕ್ರದ ಮೇಲಿನ ತಗಡು ಅಂದರೆ ಫೆಂಡರ್ ಇವುಗಳ ತುಕ್ಕಿಗೆ ನಾವು ತಲೆ ಕೆಡಿಸಿಕೊಳ್ಳಲಿಲ್ಲ. ಅವೆಲ್ಲ ಬೋಲ್ಟ್ ಬಿಚ್ಚಿದರೆ ಬರುವ ಭಾಗಗಳು.

ಕೊನೆಗೆ ಸಿಕ್ಕಿದ್ದು ನಾಲ್ಕು ಬಾಗಿಲಿನ ಒಂದು ಹಳೇ ಸೆಡಾನ್. ಪೇಂಟ್ ಸುಲಿದಿತ್ತು, ಒಂದು ಬಾಗಿಲು ಒಳಕ್ಕೆ ಬಗ್ಗಿತ್ತು, ಸೀಟುಗಳು ಹರಿದಿದ್ದವು. ಆದರೆ ಸಿಲ್ ಎರಡೂ ಕಡೆ ಟಣ್ ಅಂದಿತು. ಅಷ್ಟು ಸಾಕಾಯಿತು.

ಕೈಗೆ ಗ್ರೈಂಡರ್ ತೆಗೆದುಕೊಳ್ಳುವ ಮೊದಲು ನಿಯಮದ ಪುಸ್ತಕ ಓದಿದೆವು. ಇದು ಬೋರ್ ಕೆಲಸ, ಆದರೆ ಅರ್ಧ ಖರ್ಚು ಇಲ್ಲೇ ಉಳಿಯುತ್ತದೆ. ಎಷ್ಟು ತಗಡು ಕತ್ತರಿಸಬಹುದು, ಯಾವ ಗಾಜು ಉಳಿಯಲೇಬೇಕು, ಗಾಳಿಯಿಂದ ಹಿಂಭಾಗವನ್ನು ನೆಲಕ್ಕೆ ಒತ್ತಿಸುವ ಸ್ಪಾಯ್ಲರ್ ಎಷ್ಟು ಹೊರಕ್ಕೆ ಚಾಚಬಹುದು, ಕಾರು ಪಲ್ಟಿಯಾದರೆ ಡ್ರೈವರನ್ನು ಕಾಪಾಡುವ ಪೈಪಿನ ಪಂಜರ ಅಂದರೆ ಕೇಜಿನ ಪೈಪ್ ಎಷ್ಟು ದಪ್ಪ ಇರಬೇಕು, ಎಲ್ಲವೂ ಅಲ್ಲೇ ಬರೆದಿರುತ್ತದೆ. ಒಂದು ರೇಸಿನ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಕಡಿಮೆ ಖರ್ಚಿನ ರೇಸ್ ಅಂದಮಾತ್ರಕ್ಕೆ ಸುರಕ್ಷತೆಯಲ್ಲಿ ರಿಯಾಯಿತಿ ಇಲ್ಲ. ಅಮೆರಿಕದಲ್ಲಿ 2006ರಲ್ಲಿ ಶುರುವಾದ 24 ಅವರ್ಸ್ ಆಫ್ ಲೆಮನ್ಸ್ ಸರಣಿ 500 ಡಾಲರ್ ಕಾರುಗಳ ರೇಸ್ ಅಂತಲೇ ಹೆಸರಾಯಿತು. ಅಲ್ಲೂ ಕೇಜ್, ಸೀಟ್, ಬೆಲ್ಟ್ ಥರದ ಸುರಕ್ಷತೆಯ ಖರ್ಚು ಆ 500ರ ಲೆಕ್ಕಕ್ಕೆ ಸೇರುವುದಿಲ್ಲ. ನಾವೂ ದುಡ್ಡನ್ನು ಹಾಗೇ ಎರಡು ಭಾಗ ಮಾಡಿದೆವು. ಡ್ರೈವರನ್ನು ಕಾಪಾಡುವ ಸಾಮಾನು ಹೊಸದು. ಉಳಿದದ್ದೆಲ್ಲ ಹಳೆಯದು, ಕೈಯಲ್ಲೇ ಮಾಡಿದ್ದು, ಇಲ್ಲವೇ ಯಾರೋ ಬಿಸಾಡಿದ್ದು.

ಬಿಚ್ಚುವ ಕೆಲಸ ಶುರುವಾಯಿತು. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಏರ್‌ಬ್ಯಾಗ್ ಕಳಚಿದೆವು. ಸೀಟು, ಕಾರ್ಪೆಟ್, ರೂಫ್ ಲೈನಿಂಗ್, ಬಾಗಿಲ ಒಳಗಿನ ಪ್ಲಾಸ್ಟಿಕ್, ಹಿಂದಿನ ಸೀಟಿನ ಫ್ರೇಮ್ ಎಲ್ಲ ಹೊರಗೆ ಬಂದವು. ಇದರಲ್ಲಿ ಜಾಣತನ ಬೇಕಾಗಿಲ್ಲ, ತಾಳ್ಮೆ ಬೇಕು. ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಟ್ಟರೆ ಮುಂದೆ ನಿಮಗೆ ನೀವೇ ಕೈ ಮುಗಿಯುತ್ತೀರಿ.

ನೆಲಕ್ಕೆ ಅಂಟಿಸಿದ ಡಾಂಬರಿನಂಥ ಶೀಟು ಮಾತ್ರ ಸತಾಯಿಸಿತು. ಸದ್ದು ಕಡಿಮೆ ಮಾಡಲು ಕಂಪನಿಯವರು ಹಾಕುವ ಶೀಟು ಇದು. ಹೀಟ್ ಗನ್ ಹಿಡಿದರೆ ಅಂಟಂಟಾಗಿ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಡ್ರೈ ಐಸ್ ಇದ್ದರೆ ಕೆಲಸ ಸುಲಭ. ಅದು ಸುಮಾರು ಮೈನಸ್ 78 ಡಿಗ್ರಿ ತಣ್ಣಗಿರುತ್ತದೆ. ಚೂರು ಮಾಡಿ ಹರಡಿ ಸ್ವಲ್ಪ ಹೊತ್ತು ಬಿಟ್ಟರೆ ಶೀಟು ಗಾಜಿನಂತೆ ಪೆಡಸಾಗುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಬಾಗಿಲುಗಳನ್ನೆಲ್ಲ ತೆರೆದಿಟ್ಟೇ ಮಾಡಬೇಕು. ಡ್ರೈ ಐಸ್ ಕರಗುವುದಿಲ್ಲ, ನೇರ ಕಾರ್ಬನ್ ಡೈ ಆಕ್ಸೈಡ್ ಗಾಳಿಯಾಗುತ್ತದೆ. ಮುಚ್ಚಿದ ಕಾರಿನೊಳಗೆ ತಲೆ ಹಾಕಿ ಕೂತರೆ ಅಪಾಯ.

ಶೀಟು ಎದ್ದ ಮೇಲೆ ನೆಲದ ನಿಜ ಬಣ್ಣ ಕಾಣಿಸಿತು. ಡ್ರೈವರ್ ಕಾಲಿಡುವ ಜಾಗದಲ್ಲಿ ಅಂಗೈ ಅಗಲದ ತುಕ್ಕು. ಅದನ್ನು ಗಟ್ಟಿ ತಗಡು ಸಿಗುವ ತನಕ ಕತ್ತರಿಸಿ ಹೊಸ ತುಂಡು ಕೂರಿಸಬೇಕು. ಇಲ್ಲಿಂದ ನಮ್ಮ ಜೊತೆ ವೆಲ್ಡಿಂಗ್ ಅಣ್ಣ ಬಂದರು. ನಮಗಿಂತ ವಯಸ್ಸಿನಲ್ಲಿ ತುಂಬ ದೊಡ್ಡವರು, ಟಿಂಕರಿಂಗ್‌ನಲ್ಲಿ ಪಳಗಿದ ಕೈ, ಮಾತು ಕಡಿಮೆ.

"ಉದ್ದಕ್ಕೂ ಒಂದೇ ಸಲ ಎಳೀಬೇಡಿ" ಅಂದರು. ಕಾರಿನ ಹೊರ ತಗಡು ಹೆಚ್ಚುಕಡಿಮೆ 0.7ರಿಂದ 0.9 ಮಿ.ಮೀ. ದಪ್ಪ. ಒಂದೇ ಸಮನೆ ವೆಲ್ಡಿಂಗ್ ಎಳೆದರೆ ಕಾದು ಅಲೆ ಅಲೆಯಾಗಿ ಸುರುಟಿಕೊಳ್ಳುತ್ತದೆ. ಒಂದು ಚುಕ್ಕಿ ಈ ಮೂಲೆಗೆ, ಇನ್ನೊಂದು ಎದುರು ಮೂಲೆಗೆ, ಆಮೇಲೆ ನಡುವೆ. ಹೀಗೆ ಚುಕ್ಕಿ ಇಡುತ್ತ, ಆರಲು ಬಿಡುತ್ತ ಹೋಗಬೇಕು. ಸಂದಿಯ ಹಿಂದೆ ತಾಮ್ರದ ಪಟ್ಟಿ ಹಿಡಿದರೆ ಅದು ಶಾಖ ಎಳೆದುಕೊಳ್ಳುತ್ತದೆ, ತೂತು ಬೀಳುವುದಿಲ್ಲ, ವೆಲ್ಡಿಂಗೂ ತಾಮ್ರಕ್ಕೆ ಅಂಟುವುದಿಲ್ಲ. ತಂತಿ ತಾನಾಗಿ ಮುಂದೆ ಬರುವ ಮಿಗ್ ವೆಲ್ಡಿಂಗ್ ಮೆಷಿನ್‌ಗೆ 0.6 ಮಿ.ಮೀ.ನ ಸಣ್ಣ ತಂತಿ ಹಾಕಿದ್ದರಿಂದ ಶಾಖವೂ ಹಿಡಿತದಲ್ಲಿತ್ತು. ಸತುವು ಲೇಪಿಸಿದ ತಗಡಾದರೆ ಅಂಚಿನ ಲೇಪ ಉಜ್ಜಿ ತೆಗೆಯಲೇಬೇಕು. ಉಕ್ಕು ಕರಗುವುದು ಸುಮಾರು 1500 ಡಿಗ್ರಿಗೆ, ಸತುವು 907ಕ್ಕೇ ಕುದಿದು ಹೊಗೆಯಾಗುತ್ತದೆ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ.

ನೆಲ ಗಟ್ಟಿಯಾದ ಮೇಲೆ ಕೇಜ್. ಬಾಡಿಯ ಬೇರೆ ಕೆಲಸಗಳಿಗೆ ಮೊದಲೇ ಕೇಜ್ ಮುಗಿಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಎಲ್ಲಿ ಎಷ್ಟು ತಗಡು ಕತ್ತರಿಸಿದರೆ ಕಾರು ಗಟ್ಟಿಯಾಗಿ ಉಳಿಯುತ್ತದೆ ಅನ್ನುವುದು ಕೇಜ್ ನಿಂತ ಮೇಲೆ ಮಾತ್ರ ಗೊತ್ತಾಗುತ್ತದೆ. ಕಾರು ರೇಸುಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದ ಪ್ರಕಾರ ಡ್ರೈವರ್ ಬೆನ್ನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ಅಗಲ, 2.5 ಮಿ.ಮೀ. ದಪ್ಪದ, ಜೋಡಣೆಯ ಗೆರೆ ಇಲ್ಲದ ಉಕ್ಕಿನ ಪೈಪ್ ಬೇಕು. ಇಲ್ಲವೇ 50 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. ಉಳಿದ ಪೈಪುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2. ಪೈಪಿನ ಪಾದ ಬರಿಯ ನೆಲದ ತಗಡಿನ ಮೇಲೆ ಕೂರುವಂತಿಲ್ಲ. ಕೆಳಗೆ ಕನಿಷ್ಠ 3 ಮಿ.ಮೀ. ದಪ್ಪ, 120 ಚದರ ಸೆಂ.ಮೀ. ಅಗಲದ ಪ್ಲೇಟು ವೆಲ್ಡ್ ಆಗಿರಬೇಕು. ಇಲ್ಲದಿದ್ದರೆ ಕಾರು ಪಲ್ಟಿ ಹೊಡೆದಾಗ ಪೈಪು ನೆಲ ತೂರಿ ಆಚೆ ಹೋಗುತ್ತದೆ.

ಇಲ್ಲಿ ಒಂದು ತೊಡಕು. ಕೇಜ್ ಎಷ್ಟು ರೂಫಿಗೆ ಹತ್ತಿರ ಇರುತ್ತದೋ ಅಷ್ಟು ಡ್ರೈವರ್ ತಲೆಗೆ ಜಾಗ. ಆದರೆ ರೂಫಿಗೆ ಒತ್ತಿ ಕೂತ ಪೈಪಿನ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಹೋಗುವುದು ಹೇಗೆ? ಪೈಪಿನ ಸುತ್ತಲೂ ವೆಲ್ಡ್ ಆಗಿರಬೇಕು, ತಪಾಸಣೆಯವರು ಕನ್ನಡಿ ಹಿಡಿದು ನೋಡುತ್ತಾರೆ. ನನ್ನ ಗೆಳೆಯ ರೂಫನ್ನೇ ಕತ್ತರಿಸಿ ಆಮೇಲೆ ಮುಚ್ಚೋಣ ಅಂದ. ಅಣ್ಣ ತಲೆ ಅಲ್ಲಾಡಿಸಿದರು.

"ರೂಫ್ ಯಾಕೆ ಮುಟ್ತೀಯೋ? ನೆಲ ಕುಯ್ಯಿ."

ಪಾದ ಕೂರುವ ಜಾಗದಲ್ಲೇ ನೆಲಕ್ಕೆ ತೂತು ಕೊರೆದರು. ಕೇಜನ್ನು ಚುಕ್ಕಿ ವೆಲ್ಡಿಂಗ್‌ನಿಂದ ಜೋಡಿಸಿ, ಆ ತೂತುಗಳ ಮೂಲಕ ಇಡೀ ಕೇಜನ್ನೇ ಗೇಣುದ್ದ ಕೆಳಕ್ಕೆ ಇಳಿಸಿದರು. ಈಗ ಮೇಲೆ ಕೈ ಆಡುವಷ್ಟು ಜಾಗ. ಮೇಲಿನ ಜೋಡಣೆಗಳನ್ನೆಲ್ಲ ಸುತ್ತಲೂ ವೆಲ್ಡ್ ಮಾಡಿ, ಜಾಕಿ ಕೊಟ್ಟು ಕೇಜನ್ನು ವಾಪಸ್ ಎತ್ತಿದರು. ಕೆಳಗೆ ಪ್ಲೇಟು ತೂರಿಸಿ ತೂತು ಮುಚ್ಚಿ ವೆಲ್ಡ್ ಮಾಡಿದರು. ಈ ಉಪಾಯ ರೇಸ್ ಕಾರು ಕಟ್ಟುವವರಿಗೆಲ್ಲ ಗೊತ್ತಿರುವುದೇ. ಆದರೂ ಕಣ್ಣೆದುರು ಇಡೀ ಕೇಜ್ ನೆಲದೊಳಗೆ ಇಳಿದು ಮತ್ತೆ ಮೇಲೆದ್ದು ಬಂದಾಗ ನಾನು ಸುಮ್ನೆ ನಿಂತು ನೋಡಿದೆ.

ಬಾಗಿಲ ಕಡೆ ಎರಡು ಪೈಪು ಹೊರಕ್ಕೆ ಬಾಗಿ, ಬಾಗಿಲ ಹೊಟ್ಟೆಯೊಳಗೆ ಹೋಗುವಂತೆ ಮಾಡಿದೆವು. ಪಕ್ಕದಿಂದ ಗುದ್ದಿದರೆ ಡ್ರೈವರ್‌ಗೆ ಇನ್ನಷ್ಟು ದೂರ ಸಿಗುತ್ತದೆ. ಅದಕ್ಕಾಗಿ ಬಾಗಿಲ ಒಳಗಿನ ಫ್ರೇಮ್, ಗಾಜು ಎತ್ತುವ ಯಂತ್ರ ಎಲ್ಲ ಕತ್ತರಿಸಿ ತೆಗೆಯಬೇಕಾಯಿತು. ಒಳಗೆ ಕಂಪನಿಯವರೇ ಇಟ್ಟ ಒಂದು ಅಡ್ಡ ಕಂಬಿ ಇರುತ್ತದೆ. ಪಕ್ಕದ ಗುದ್ದಿನಿಂದ ಕಾಪಾಡಲೆಂದೇ ಇರುವ ಕಂಬಿ ಅದು. ಕೇಜಿನ ಪೈಪು ಆ ಜಾಗ ತುಂಬಿದ ಬಾಗಿಲಿನಿಂದ ಮಾತ್ರ ಅದನ್ನು ತೆಗೆದೆವು. ಹಿಂದಿನ ಬಾಗಿಲುಗಳನ್ನು ವೆಲ್ಡ್ ಮಾಡಿ ಮುಚ್ಚಲು ನಿಯಮದಲ್ಲಿ ಅವಕಾಶವಿತ್ತು, ಆದರೂ ಮುಚ್ಚಲಿಲ್ಲ. ರೇಸಿನ ನಡುವೆ ಕಾರು ನಿಲ್ಲಿಸಿ ರಿಪೇರಿ ಮಾಡುವ ಜಾಗ, ಅಂದರೆ ಪಿಟ್‌ನಲ್ಲಿ ಒಳಗೆ ಕೈ ಹಾಕಲು ಅನುಕೂಲ.

ತೂಕದ ವಿಷಯಕ್ಕೆ ಬರೋಣ. ಉಕ್ಕಿನ ತಗಡು 0.8 ಮಿ.ಮೀ. ದಪ್ಪ ಇದ್ದರೆ ಒಂದು ಚದರ ಮೀಟರ್‌ಗೆ ಸುಮಾರು 6.3 ಕೆ.ಜಿ. ಅದೇ ಜಾಗಕ್ಕೆ 1 ಮಿ.ಮೀ. ಅಲ್ಯೂಮಿನಿಯಂ ಹಾಕಿದರೆ 2.7 ಕೆ.ಜಿ. ಇದು ಗೊತ್ತಾದ ಕೂಡಲೇ ನನ್ನ ಗೆಳೆಯನಿಗೆ ಎಲ್ಲವನ್ನೂ ಅಲ್ಯೂಮಿನಿಯಂ ಮಾಡುವ ಹುಕಿ ಬಂತು. ಆದರೆ ಬಾಡಿಯಲ್ಲಿ ತೂಕ ಎಷ್ಟು ಇಳಿಯಿತು ಅನ್ನುವುದಕ್ಕಿಂತ ಎಲ್ಲಿಂದ ಇಳಿಯಿತು ಅನ್ನುವುದು ಜಾಸ್ತಿ ಲೆಕ್ಕಕ್ಕೆ ಬರುತ್ತದೆ. ಎತ್ತರದಲ್ಲಿರುವ ತೂಕ ತಿರುವಿನಲ್ಲಿ ಕಾರನ್ನು ವಾಲಿಸುತ್ತದೆ. ಮುಂದಿನ ಚಕ್ರಕ್ಕಿಂತ ಮುಂದಕ್ಕೋ ಹಿಂದಿನ ಚಕ್ರಕ್ಕಿಂತ ಹಿಂದಕ್ಕೋ ತೂಗುವ ತೂಕ ಕಾರನ್ನು ಬೇಗ ತಿರುಗಲು ಬಿಡುವುದಿಲ್ಲ. ಆದ್ದರಿಂದ ಗಾಜು, ರೂಫಿನ ಒಳಗಿನ ಸಾಮಾನು, ಬಂಪರ್ ಒಳಗಿನ ಬೇಡದ ಕಬ್ಬಿಣ, ಡಿಕ್ಕಿಯ ಮುಚ್ಚಳದ ಹೊಟ್ಟೆ ಇವುಗಳ ಮೇಲೆ ಕೈ ಇಟ್ಟೆವು. ನೆಲದ ತಗಡನ್ನು ಮುಟ್ಟಲಿಲ್ಲ.

ಮುಂದಿನ ಗಾಜು ಹಾಗೇ ಉಳಿಯಿತು. ಅದು ಎರಡು ಪದರದ ಗಾಜು, ಒಡೆದರೂ ಚೂರು ಮುಖಕ್ಕೆ ಹಾರುವುದಿಲ್ಲ. ಮೇಲಾಗಿ ಅದನ್ನು ಬಾಡಿಗೆ ಗಮ್ಮಿನಿಂದ ಅಂಟಿಸಿರುವುದರಿಂದ ಮುಂಭಾಗಕ್ಕೆ ಬಿಗಿಯೂ ಬರುತ್ತದೆ. ಹಿಂದಿನ ಗಾಜಿಗೆ ಪಾಲಿಕಾರ್ಬೊನೇಟ್ ಹಾಕಿದೆವು. ಒಂದೇ ದಪ್ಪದಲ್ಲಿ ನೋಡಿದರೆ ಗಾಜಿನ ಅರ್ಧಕ್ಕಿಂತ ಕಡಿಮೆ ತೂಕ. ನೋಡಲು ಅದೇ ಥರ ಇರುವ ಅಕ್ರಿಲಿಕ್ ಅಗ್ಗ, ಆದರೆ ಪೆಟ್ಟು ಬಿದ್ದರೆ ಚೂಪು ಚೂರಾಗುತ್ತದೆ, ಅದು ಬೇಡ. ಪಾಲಿಕಾರ್ಬೊನೇಟ್ ಬಿಸಿಗೆ ಉಕ್ಕಿಗಿಂತ ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಬೋಲ್ಟ್ ತೂತು ಬಿಗಿಯಾಗಿದ್ದರೆ ಬಿಸಿಲಿನಲ್ಲಿ ಅಲ್ಲಿಂದಲೇ ಸೀಳು ಬಿಡುತ್ತದೆ. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ರಬ್ಬರ್ ವಾಷರ್ ಹಾಕಿ, ಬೋಲ್ಟನ್ನು ಜಾಸ್ತಿ ಬಿಗಿಯದೆ ಬಿಟ್ಟೆವು. ಹೊರಗಿನಿಂದ ಎರಡು ಅಲ್ಯೂಮಿನಿಯಂ ಪಟ್ಟಿ ಅಡ್ಡ ಕಟ್ಟಿದೆವು. ವೇಗದಲ್ಲಿ ಹಿಂದಿನ ಗಾಜಿನ ಹೊರಗೆ ಒತ್ತಡ ಕಡಿಮೆ ಇರುತ್ತದೆ, ಒಳಗೆ ಕಿಟಕಿಯಿಂದ ಗಾಳಿ ನುಗ್ಗುತ್ತಿರುತ್ತದೆ. ಪಟ್ಟಿ ಇಲ್ಲದ ಹಾಳೆ ಕಿತ್ತುಕೊಂಡು ಹಾರಿ ಹಿಂದಿನವನ ಮೇಲೆ ಬೀಳಬಹುದು. ಅದನ್ನು ಒರೆಸಲು ಪೆಟ್ರೋಲ್, ಥಿನ್ನರ್ ಮುಟ್ಟಿಸಲೇಬಾರದು, ಸೋಪಿನ ನೀರು ಸಾಕು.

ಅಗಲದ ಟೈರ್ ಹಾಕಿದ್ದರಿಂದ ಚಕ್ರದ ಕಮಾನು ಉಜ್ಜತೊಡಗಿತು. ಮುಂದಿನ ಫೆಂಡರ್‌ನ ಒಳ ಅಂಚನ್ನು ಹೀಟ್ ಗನ್ನಿನಿಂದ ಬಿಸಿ ಮಾಡಿ, ರೋಲರ್ ಒತ್ತಿ ಮೇಲಕ್ಕೆ ಮಡಚಿದೆವು. ಪೇಂಟ್ ಬೆಚ್ಚಗಿದ್ದರೆ ಬಿರುಕು ಬಿಡುವುದಿಲ್ಲ. ಹಿಂದೆ ಹಾಗೆ ಆಗುವುದಿಲ್ಲ. ಹಿಂದಿನ ಕಮಾನಿನಲ್ಲಿ ಹೊರ ತಗಡು ಮತ್ತು ಒಳ ತಗಡು ಎರಡೂ ಅಂಚಿನಲ್ಲೇ ಒಂದಕ್ಕೊಂದು ವೆಲ್ಡ್ ಆಗಿರುತ್ತವೆ. ಅಂಚು ಕತ್ತರಿಸಿದರೆ ಎರಡೂ ಬೇರೆಯಾಗಿ ಬಾಯಿ ಬಿಡುತ್ತವೆ. ಎಷ್ಟೋ ಜನ ಹಾಗೇ ಬಿಟ್ಟು ಮೇಲೊಂದು ಹೊರಚಾಚಿದ ಪ್ಲಾಸ್ಟಿಕ್ ಅಂಚು, ಅಂದರೆ ಫ್ಲೇರ್ ಹೊಡೆದು ಮುಚ್ಚುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಒಳಗೆ ಬಿಗಿ ಹೋಗಿರುತ್ತದೆ, ಕೆಸರು ತುಂಬಿ ತುಕ್ಕು ಶುರುವಾಗಿರುತ್ತದೆ. ನಾವು ಒಳ ತಗಡಿಗೆ ಬೆರಳಗಲಕ್ಕೊಂದು ಸೀಳು ಕೊಟ್ಟು, ಒಂದೊಂದೇ ನಾಲಿಗೆಯನ್ನು ಹೊರ ತಗಡಿಗೆ ಬಗ್ಗಿಸಿ, ವೆಲ್ಡ್ ಮಾಡಿ, ಮೇಲೆ ಸೀಲರ್ ಬಳಿದೆವು. ಇಡೀ ಕಾರಿನಲ್ಲಿ ನನಗೆ ಹೆಚ್ಚು ಬೇಸರ ತಂದ ಕೆಲಸ ಇದೇ, ಹೆಚ್ಚು ಹೆಮ್ಮೆ ಇರುವುದೂ ಇದರ ಮೇಲೇ.

ಇನ್ನು ಗಾಳಿ. ಬಜೆಟ್ ಕಾರಿನಲ್ಲಿ ಜನ ಸ್ಪಾಯ್ಲರ್, ವಿಂಗ್ ಅಂತ ಮೇಲೆ ನೋಡುತ್ತಾರೆ. ನನ್ನ ಪ್ರಕಾರ ಮೊದಲ ದುಡ್ಡು ರೇಡಿಯೇಟರ್ ಸುತ್ತ ಬೀಳಬೇಕು. ಗಂಟೆಗಟ್ಟಲೆ ಓಡುವ ರೇಸಿನಲ್ಲಿ ಹಳೇ ಕಾರು ನಿಲ್ಲುವುದು ಬಿಸಿಯಾಗಿ. ಗಾಳಿ ಯಾವತ್ತೂ ಸುಲಭದ ದಾರಿ ಹಿಡಿಯುತ್ತದೆ. ರೇಡಿಯೇಟರ್ ಜಾಲರಿಯೊಳಗೆ ತೂರುವುದು ಕಷ್ಟ, ಪಕ್ಕದ ಸಂದಿಯಲ್ಲಿ ನುಸುಳುವುದು ಸುಲಭ. ಗ್ರಿಲ್‌ನಿಂದ ರೇಡಿಯೇಟರ್ ಅಂಚಿನ ತನಕ ನಾಲ್ಕೂ ಕಡೆ ಅಲ್ಯೂಮಿನಿಯಂ ತಗಡಿನ ಗೋಡೆ ಕಟ್ಟಿದೆವು, ಉಳಿದ ಸಂದಿಗೆ ಫೋಮ್ ತುರುಕಿದೆವು. ಒಳಗೆ ಬಂದ ಗಾಳಿಗೆ ರೇಡಿಯೇಟರ್ ಬಿಟ್ಟು ಬೇರೆ ದಾರಿಯೇ ಇಲ್ಲ. ಇಷ್ಟಕ್ಕೇ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರದಿಂದ ಕೆಳಗಿಳಿಯಿತು.

ಆದರೆ ಒಳಗೆ ಬಂದ ಗಾಳಿ ಹೊರಗೆ ಹೋಗಬೇಕಲ್ವಾ? ಇಂಜಿನ್ ಕೋಣೆಯಲ್ಲಿ ಒತ್ತಡ ತುಂಬಿದ್ದರೆ ಮುಂದಿನಿಂದ ಹೊಸ ಗಾಳಿ ಬರುವುದೇ ಇಲ್ಲ. ಸಾಲದ್ದಕ್ಕೆ ಆ ಒತ್ತಡ ಕಾರಿನ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಇದಕ್ಕೆ ಎಷ್ಟೋ ಜನ ಬಾನೆಟ್‌ನ ಹಿಂಬದಿಯನ್ನು, ಅಂದರೆ ಗಾಜಿನ ಕಡೆಯ ಅಂಚನ್ನು, ವಾಷರ್ ಇಟ್ಟು ಎರಡು ಬೆರಳು ಎತ್ತಿ ಬಿಡುತ್ತಾರೆ. ಬಿಸಿ ಗಾಳಿ ಅಲ್ಲಿಂದ ಹೋಗುತ್ತೆ ಅನ್ನುವ ನಂಬಿಕೆ. ಕಾರು ನಿಂತಿದ್ದಾಗ ಹೋಗುತ್ತದೆ ನಿಜ. ಓಡುವಾಗ ಗಾಜಿನ ಬುಡದಲ್ಲಿ ಗಾಳಿ ಗುದ್ದಿ ನಿಲ್ಲುವುದರಿಂದ ಅಲ್ಲಿ ಒತ್ತಡ ಜಾಸ್ತಿ. ಎಷ್ಟೋ ಕಾರುಗಳಲ್ಲಿ ಡ್ರೈವರ್ ಉಸಿರಾಡುವ ಗಾಳಿಯನ್ನು ಎಳೆಯುವ ಜಾಲರಿ ಅಲ್ಲೇ ಇರುವುದು ಸುಮ್ನೆ ಅಲ್ಲ. ಅಲ್ಲಿ ಸಂದಿ ಮಾಡಿದರೆ ಗಾಳಿ ಒಳಗೆ ನುಗ್ಗುತ್ತದೆ.

ಗೆಳೆಯ ನಮ್ಮ ಕಾರಿಗೂ ಹಾಗೇ ವಾಷರ್ ಇಟ್ಟಿದ್ದ. ಇದನ್ನು ಅವನಿಗೆ ಬಾಯಲ್ಲಿ ಹೇಳಿದರೆ ಒಪ್ಪಲಿಲ್ಲ. "ಎಲ್ಲರೂ ಮಾಡ್ತಾರೆ ಮಾರಾಯಾ, ಎಲ್ಲರೂ ದಡ್ಡರಾ?" ಅಂದ. ಹಾಗಾಗಿ ಉಣ್ಣೆ ದಾರ ತಂದೆವು. ಗೇಣಿಗಿಂತ ಚಿಕ್ಕ ತುಂಡು ಮಾಡಿ, ಬಾನೆಟ್ ತುಂಬ ಸಾಲು ಸಾಲಾಗಿ ಒಂದು ತುದಿಗೆ ಟೇಪ್ ಹಾಕಿ ಅಂಟಿಸಿದೆವು. ಖಾಲಿ ಟ್ರ್ಯಾಕಿನಲ್ಲಿ ಪ್ರಾಕ್ಟೀಸ್ ಹೊತ್ತಿಗೆ ನಾನು ಓಡಿಸಿದೆ, ಮೂತಿಯ ಕಡೆಗೆ ಕ್ಯಾಮೆರಾ ಕಟ್ಟಿದ್ದೆವು. ಬಾನೆಟ್‌ನ ಮುಂಭಾಗದಲ್ಲಿ ದಾರಗಳು ನೆಟ್ಟಗೆ ಹಿಂದಕ್ಕೆ ಮಲಗಿದ್ದವು. ಗಾಜಿನ ಬುಡದಲ್ಲಿ ಇದ್ದವು ಕುಣಿಯುತ್ತಿದ್ದವು, ಒಂದೆರಡು ಮುಂದಕ್ಕೇ ತಿರುಗಿದ್ದವು, ಬಾನೆಟ್ ಅಂಚಿನಲ್ಲಿ ಇದ್ದವು ಸಂದಿಯೊಳಗೆ ಎಳೆದುಕೊಂಡು ಹೋಗಿದ್ದವು. ಗೆಳೆಯ ವಿಡಿಯೊ ನೋಡಿ ಏನೂ ಅನ್ನದೆ ವಾಷರ್ ಬಿಚ್ಚಲು ಹೋದ.

ಗಾಳಿ ಮೂತಿಯ ಮೇಲೆ ಬಾಗಿ ಬಾನೆಟ್‌ಗೆ ಏರುವ ಜಾಗದಲ್ಲಿ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಅಂದರೆ ರೇಡಿಯೇಟರ್‌ನ ಸ್ವಲ್ಪ ಹಿಂದೆ, ಬಾನೆಟ್‌ನ ಮುಂದಿನ ಮೂರನೇ ಒಂದು ಭಾಗದಲ್ಲಿ. ಅಲ್ಲಿ ಎರಡು ಅಡ್ಡ ಕಿಂಡಿ ಕತ್ತರಿಸಿದೆವು. ಕತ್ತರಿಸುವ ಮೊದಲು ಒಳಗಿನ ಫ್ರೇಮಿನ ಕಂಬಿಗಳು ಎಲ್ಲಿವೆ ಅಂತ ಮೇಲಿನಿಂದ ಗುರುತು ಹಾಕಿಕೊಂಡೆವು. ಆ ಕಂಬಿಗಳನ್ನು ಕುಯ್ದರೆ ಬಾನೆಟ್ ವೇಗದಲ್ಲಿ ಬಡಿದಾಡುತ್ತದೆ. ಕಿಂಡಿಯ ಮುಂದಿನ ಅಂಚಿಗೆ ಅಲ್ಯೂಮಿನಿಯಂ ಕೋನವನ್ನು ರಿವೆಟ್ ಹೊಡೆದು, ಬೆರಳಿನ ಅಗಲ ಮೇಲಕ್ಕೆ ನಿಲ್ಲಿಸಿದೆವು. ಗಾಳಿ ಅದನ್ನು ಹಾರಿ ಹೋಗುವಾಗ ಹಿಂದೆ ಇನ್ನಷ್ಟು ಎಳೆತ ಉಂಟಾಗಿ ಬಿಸಿ ಗಾಳಿ ಹೊರಗೆ ಬರುತ್ತದೆ. ಉಕ್ಕಿಗೆ ಅಲ್ಯೂಮಿನಿಯಂ ಸೇರಿಸುವಾಗ ನಡುವೆ ಪೇಂಟ್ ಬಳಿಯಬೇಕು. ಎರಡು ಬೇರೆ ಲೋಹಗಳ ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಬಾನೆಟ್‌ನ ಹಿಂಜ್ ಕಿತ್ತು ನಾಲ್ಕು ಮೂಲೆಗೆ ಪಿನ್ ಹಾಕಿದೆವು. ಇಬ್ಬರು ಹಿಡಿದು ಎತ್ತಿ ಪಕ್ಕಕ್ಕಿಡಬಹುದು. ಬಂಪರ್ ಕೂಡ ಹಾಗೇ. ಒಳಗಿನ ಕ್ಲಿಪ್ಪು, ಸ್ಕ್ರೂ ಎಲ್ಲ ಬಿಸಾಡಿ ಕಾಲು ತಿರುವಿಗೆ ಬಿಚ್ಚುವ ಡ್ಜೂಸ್ ಫಾಸ್ಟ್ನರ್ ಹಾಕಿದೆವು. ಹಗುರ ಮಾಡುವುದಕ್ಕಿಂತಲೂ ಬೇಗ ಬಿಚ್ಚಲು ಬರುವಂತೆ ಮಾಡುವುದು ದೊಡ್ಡ ಲಾಭ. ಎರಡು ಕೆ.ಜಿ. ಇಳಿಸಿ ಲ್ಯಾಪ್‌ಗೆ ಉಳಿಯುವ ಸಮಯ ಕಣ್ಣಿಗೆ ಕಾಣುವುದಿಲ್ಲ. ಪಿಟ್‌ನಲ್ಲಿ ಬಂಪರ್ ಬಿಚ್ಚಲು ಹತ್ತು ನಿಮಿಷ ಹೋದರೆ ರೇಸೇ ಹೋಯಿತು.

ಮೂತಿಯ ಕೆಳಗೆ ಮುಂದಕ್ಕೆ ಚಾಚುವ ಹಲಗೆ, ಅಂದರೆ ಸ್ಪ್ಲಿಟರ್‌ಗೆ 12 ಮಿ.ಮೀ. ಪ್ಲೈವುಡ್ ಹಾಕಿದೆವು, ಅಂಚಿಗೆಲ್ಲ ಎಪಾಕ್ಸಿ ಬಳಿದು. ಕಾರ್ಬನ್ ಫೈಬರ್ ಕನಸು ಬೇಡ. ಇದು ಸವೆಯುವ ಸಾಮಾನು, ನೆಲಕ್ಕೆ ಉಜ್ಜುತ್ತದೆ, ಒಡೆಯುತ್ತದೆ, ಇನ್ನೊಂದು ಕುಯ್ದರೆ ಆಯಿತು. ಮೂತಿಗೆ ಗುದ್ದಿ ನಿಂತ ಗಾಳಿ ಮೇಲಿನಿಂದ ಹಲಗೆಯನ್ನು ಒತ್ತುತ್ತದೆ, ಕೆಳಗೆ ವೇಗವಾಗಿ ಹರಿಯುವ ಗಾಳಿ ಎಳೆಯುತ್ತದೆ. ಹಾಗಾಗಿ ಅದು ಬಂಪರ್ ಪ್ಲಾಸ್ಟಿಕ್ಕಿಗೆ ನೇತಾಡಿದರೆ ಪ್ರಯೋಜನವಿಲ್ಲ, ಚಾಸಿಗೆ ಕಟ್ಟಿರಬೇಕು. ಮೇಲೆ ಹತ್ತಿ ನಿಂತು ನೋಡುವುದೇ ಪರೀಕ್ಷೆ. ನಮ್ಮಲ್ಲಿ ತೂಕ ಜಾಸ್ತಿ ಇರುವವನು ಗೆಳೆಯ. ಅವನು ನಿಂತ, ಹಲಗೆ ಬಗ್ಗಲಿಲ್ಲ.

ಮುಂದೆ ಹಿಡಿತ ಹೆಚ್ಚಾದ ಕೂಡಲೇ ಜೋರು ತಿರುವುಗಳಲ್ಲಿ ಹಿಂಭಾಗ ಜಾರತೊಡಗಿತು. ಇದು ನಿರೀಕ್ಷೆ ಮಾಡಿದ್ದೇ. ಮುಂದೆ ಒತ್ತಿದಷ್ಟು ಹಿಂದೆಯೂ ಒತ್ತಬೇಕು. ಡಿಕ್ಕಿಯ ಅಂಚಿಗೆ ಅಡ್ಡಲಾಗಿ ಅಲ್ಯೂಮಿನಿಯಂ ಪಟ್ಟಿಯ ಸ್ಪಾಯ್ಲರ್ ನಿಲ್ಲಿಸಿದೆವು, ಅದರ ಮೇಲಂಚಿಗೆ ಒಂದು ಸಣ್ಣ ಎಲ್ ಆಕಾರದ ಕೋನ. 1971ರಲ್ಲಿ ಅಮೆರಿಕದ ರೇಸ್ ಡ್ರೈವರ್ ಡ್ಯಾನ್ ಗರ್ನಿ ತನ್ನ ತಂಡದ ಕಾರಿನ ವಿಂಗ್‌ನ ಹಿಂದಂಚಿಗೆ ಇಂಥದೇ ಒಂದು ಪಟ್ಟಿ ಹಾಕಿಸಿದ. ಅದಕ್ಕೆ ಗರ್ನಿ ಫ್ಲ್ಯಾಪ್ ಅಂತಲೇ ಹೆಸರು ಉಳಿಯಿತು. ಬಡವರ ರೇಸಿಗೆ ಇದಕ್ಕಿಂತ ಒಳ್ಳೆಯ ಕೊಡುಗೆ ಇಲ್ಲ. ನಾವು ಬೋಲ್ಟ್ ತೂತನ್ನು ಉದ್ದುದ್ದಕ್ಕೆ ಕೊರೆದು ಎತ್ತರ ಬದಲಿಸಲು ಬರುವಂತೆ ಮಾಡಿದೆವು. ಎತ್ತರ ಜಾಸ್ತಿ ಮಾಡಿದರೆ ಹಿಂದೆ ಸ್ಥಿರ, ನೇರ ದಾರಿಯಲ್ಲಿ ನಿಧಾನ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ತಳ್ಳಲು ಬೇಕಾದ ಪವರ್ ಎಂಟು ಪಟ್ಟು. ನಮ್ಮ ಇಂಜಿನ್ನಿಗೆ ಅಷ್ಟು ತಾಕತ್ತಿಲ್ಲ. ಡ್ರೈವರ್ ಕೈಯ ನಡುಕ ನಿಲ್ಲುವ ಎತ್ತರಕ್ಕೆ ನಿಲ್ಲಿಸಿದೆವು.

ಪೇಂಟ್ ರೋಲರ್‌ನಿಂದ ಹೊಡೆದದ್ದು. ಅದರ ಬಗ್ಗೆ ಹೇಳಲು ಏನಿಲ್ಲ. ಒಳಗೆ ಮಾತ್ರ ತಿಳಿ ಬೂದು ಬಣ್ಣ ಬಳಿದೆವು, ಎಲ್ಲಾದರೂ ಬಿರುಕು ಬಿಟ್ಟರೆ, ಎಣ್ಣೆ ಸೋರಿದರೆ ತಕ್ಷಣ ಕಾಣಲಿ ಅಂತ. ಡ್ಯಾಶ್‌ಬೋರ್ಡ್ ಮೇಲ್ಭಾಗ ಮಾತ್ರ ಹೊಳಪಿಲ್ಲದ ಕಪ್ಪು, ಇಲ್ಲದಿದ್ದರೆ ಗಾಜಿನಲ್ಲಿ ಪ್ರತಿಬಿಂಬ.

ತಪಾಸಣೆಗೆ ಹೋದಾಗ ಅವರು ನಮ್ಮ ಸ್ಪಾಯ್ಲರ್ ಕಡೆ ಕಣ್ಣೆತ್ತಿ ನೋಡಲಿಲ್ಲ. ನೇರವಾಗಿ ಇಂಜಿನ್ನಿಗೂ ಡ್ರೈವರ್‌ಗೂ ನಡುವಿನ ತಗಡಿಗೆ ಟಾರ್ಚ್ ಬಿಟ್ಟರು. ಹೀಟರ್, ಎಸಿ ಪೈಪು ಕಿತ್ತ ಮೇಲೆ ಅಲ್ಲಿ ತೂತು ಉಳಿಯುತ್ತವೆ. ಬೆಂಕಿ, ಹೊಗೆ ಒಳಗೆ ಬರುವುದು ಅಲ್ಲಿಂದಲೇ. ನಮ್ಮವು ತಗಡು ಹೊಡೆದು ಮುಚ್ಚಿದ್ದವು. ಆಮೇಲೆ ಕೈಗವಸು ಹಾಕಿಕೊಂಡು ಬಾಡಿಯ ಅಂಚುಗಳನ್ನೆಲ್ಲ ಸವರಿದರು. ಚೂಪು ಅಂಚು ಎಲ್ಲೂ ಇರಬಾರದು. ಗಾಜಿನ ಬುಡದಲ್ಲಿ ಕರೆಂಟು, ಇಂಜಿನ್ ಎಲ್ಲ ಒಂದೇ ಸಲ ಆರಿಸುವ ಕಿಲ್ ಸ್ವಿಚ್, ಅದರ ಪಕ್ಕ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತು. ಮುಂದೆ ಹಿಂದೆ ಎಳೆಯುವ ಕೊಕ್ಕೆಗೆ ಎದ್ದು ಕಾಣುವ ಬಣ್ಣ, ಬಾಣದ ಗುರುತು. ಹೆಲ್ಮೆಟ್ ತಾಗುವ ಕಡೆ ಪೈಪಿಗೆ ಗಟ್ಟಿ ಪ್ಯಾಡ್. ಕೇಜಿನ ಮೇಲಿನ ವೆಲ್ಡಿಂಗ್‌ಗೆ ಕನ್ನಡಿ ಹಿಡಿದಾಗ ಅಣ್ಣ ದೂರದಲ್ಲಿ ನಿಂತು ಬೇರೆಲ್ಲೋ ನೋಡುತ್ತಿದ್ದರು. ಸ್ಟಿಕ್ಕರ್ ಅಂಟಿಸಿದ ಮೇಲೆ ಬಂದು, "ಆಯ್ತಾ? ನಡೀರಿ" ಅಂದರು.

ರೇಸಿನ ನಡುವೆ ಒಂದು ತಿರುವಿನಲ್ಲಿ ಪಕ್ಕದ ಕಾರು ಜಾರಿ ಬಂದು ನಮ್ಮ ಎಡ ಮುಂದಿನ ಮೂಲೆಗೆ ಗುದ್ದಿತು. ಕಾರು ಪಿಟ್‌ಗೆ ಬಂದಾಗ ಫೆಂಡರ್ ಟೈರಿಗೆ ಒತ್ತಿಕೊಂಡಿತ್ತು, ಬಂಪರ್ ಒಂದು ಕಡೆ ನೇತಾಡುತ್ತಿತ್ತು, ಸ್ಪ್ಲಿಟರ್ ಮೂಲೆ ಒಡೆದಿತ್ತು. ಫಾಸ್ಟ್ನರ್ ತಿರುಗಿಸಿ ಬಂಪರ್ ಇಳಿಸಿದೆವು. ಗೆಳೆಯ ಹೊರಗಿನಿಂದ ಪೆಟ್ಟಿಗೆ ಆನಿಕೆಯಾಗುವ ಕಬ್ಬಿಣದ ಗಟ್ಟಿ, ಅಂದರೆ ಡಾಲಿ ಹಿಡಿದ, ಅಣ್ಣ ಒಳಗಿನಿಂದ ಸುತ್ತಿಗೆಯಲ್ಲಿ ಫೆಂಡರ್ ಹೊರಕ್ಕೆ ಹೊಡೆದರು, ಉಜ್ಜುತ್ತಿದ್ದ ಅಂಚನ್ನು ನಾನು ಕತ್ತರಿಯಿಂದ ಕುಯ್ದು ಟೇಪ್ ಸುತ್ತಿದೆ. ಸ್ಪ್ಲಿಟರ್‌ನ ಒಡೆದ ಮೂಲೆಯನ್ನು ಗರಗಸದಿಂದ ನೆಟ್ಟಗೆ ಮಾಡಿ, ಇನ್ನೊಂದು ಕಡೆಯನ್ನೂ ಅಷ್ಟೇ ಕುಯ್ದೆವು. ಎರಡೂ ಕಡೆ ಸಮ ಇರಬೇಕು, ಇಲ್ಲದಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ರೇಡಿಯೇಟರ್ ಸುತ್ತ ಕಟ್ಟಿದ ತಗಡು ಬಗ್ಗಿತ್ತು, ರೇಡಿಯೇಟರ್‌ಗೆ ಏನೂ ಆಗಿರಲಿಲ್ಲ. ಕಾರು ಮತ್ತೆ ಓಡಿತು, ಕೊನೆಯ ಬಾವುಟದ ತನಕ ಓಡಿತು. ಗೆದ್ದವರ ಹತ್ತಿರವೂ ನಾವಿರಲಿಲ್ಲ.

ಈಗ ಮಾಡುತ್ತಿರುವುದು ಹಿಂದಿನ ಬಂಪರ್. ಕಾರಿನ ಕೆಳಗಿನಿಂದ ಬರುವ ಗಾಳಿ ಅದರ ಒಳಹೊಟ್ಟೆಯಲ್ಲಿ ಸಿಕ್ಕಿಕೊಂಡು ಪ್ಯಾರಾಚೂಟ್ ಥರ ಎಳೆಯುತ್ತದೆ. ಕೆಳಗಿನ ಅರ್ಧ ಕತ್ತರಿಸಬೇಕೋ, ದುಂಡು ತೂತು ಕೊರೆದರೆ ಸಾಕೋ ಅಂತ ಗೆಳೆಯನಿಗೂ ನನಗೂ ವಾದ ನಡೆದಿದೆ. ಉಣ್ಣೆ ದಾರ ಇನ್ನೂ ಅರ್ಧ ಉಂಡೆ ಉಳಿದಿದೆ.